ಅರಿವಳಿಕೆಯ ಭಯದಲ್ಲಿ ಮಗುವಿನ ನೋವು ಮರೆಯದಿರಲಿ

ಮಾನ್ಯ ಸಂಪಾದಕರೇ,

ಚಿಕ್ಕ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟರೆ ಮಗುವಿನ ಬುದ್ಧಿ ಮಂಕಾಗುತ್ತದಂತೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇದೆ. ಇದನ್ನು ನಂಬಿದ ಹೆತ್ತವರು ಆಗಲೇಬೇಕಾದ ಆಪರೇಷನ್ನನ್ನೂ ಮುಂದೂಡುತ್ತಾರೆ. ಇನ್ನು ಕೆಲವರು ‘ಮದ್ದು ಆದಷ್ಟು ಕಡಿಮೆ ಕೊಡಿ, ಸ್ವಲ್ಪ ಅತ್ತರೂ ಪರವಾಗಿಲ್ಲ’ ಎನ್ನುತ್ತಾರೆ. ಅರಿವಳಿಕೆಯ ಮೇಲಿನ ಅನುಮಾನ ಹೀಗೆ ನೋವಿನ ಮದ್ದಿನ ಮೇಲೂ ಹರಡಿಕೊಳ್ಳುತ್ತದೆ. ಮಕ್ಕಳ ಅರಿವಳಿಕೆಯೇ ವೃತ್ತಿಯಾಗಿರುವ ನಾವು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಒಂದು ಸಲ, ಕಡಿಮೆ ಹೊತ್ತು ಕೊಟ್ಟ ಅರಿವಳಿಕೆಯಿಂದ ಬುದ್ಧಿಗೆ ಪೆಟ್ಟು ಬೀಳುತ್ತದೆ ಎನ್ನಲು ಇದುವರೆಗಿನ ಒಳ್ಳೆಯ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ನೋವನ್ನು ಹಾಗೇ ಬಿಟ್ಟರೆ ಆಗುವ ಹಾನಿಗೆ ಮಾತ್ರ 1987ರಿಂದಲೂ ಆಧಾರವಿದೆ.

ಭಯದ ಮೂಲ ಪ್ರಾಣಿಗಳ ಮೇಲಿನ ಪ್ರಯೋಗಗಳು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಏಳು ದಿನದ ಇಲಿಮರಿಗಳಿಗೆ ಮಿಡಜೋಲಾಮ್, ನೈಟ್ರಸ್ ಆಕ್ಸೈಡ್, ಐಸೋಫ್ಲುರೇನ್ ಎಂಬ ಅರಿವಳಿಕೆಯಲ್ಲಿ ಬಳಸುವ ಮೂರು ಮದ್ದುಗಳನ್ನೂ ಸೇರಿಸಿ ಆರು ಗಂಟೆ ಕೊಟ್ಟಿದ್ದರು. ಬೆಳೆಯುತ್ತಿದ್ದ ಮೆದುಳಿನಲ್ಲಿ ನರಕೋಶಗಳು ದೊಡ್ಡ ಪ್ರಮಾಣದಲ್ಲಿ ಸತ್ತವು, ಮುಂದೆ ಆ ಇಲಿಗಳ ಕಲಿಕೆಯೂ ಕುಂದಿತು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹರಿದಾಡುವ ಸಂದೇಶಗಳಲ್ಲಿ ‘ಎಚ್ಚರಿಕೆ’ ಎಂಬುದಷ್ಟೇ ಉಳಿದುಕೊಂಡಿದೆ. ‘ಮೂರು ಗಂಟೆ ಮೀರಿದ’, ‘ಮತ್ತೆ ಮತ್ತೆ’ ಎಂಬುದು ಬಿದ್ದುಹೋಗಿದೆ.

ಮಕ್ಕಳಲ್ಲೇ ನಡೆದ ಅಧ್ಯಯನಗಳು ಏನು ಹೇಳುತ್ತವೆ? ‘ಗ್ಯಾಸ್’ ಎಂಬ ಸಂಕ್ಷಿಪ್ತ ಹೆಸರಿನ ಅಧ್ಯಯನದಲ್ಲಿ ಏಳು ದೇಶಗಳ 28 ಆಸ್ಪತ್ರೆಗಳಿಂದ ಹರ್ನಿಯಾ ಆಪರೇಷನ್ ಆಗಬೇಕಿದ್ದ 722 ಹಸುಗೂಸುಗಳಿದ್ದವು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸೆವೋಫ್ಲುರೇನ್ ಅರಿವಳಿಕೆ ಕೊಟ್ಟರು. ಇನ್ನೊಂದಕ್ಕೆ ಎಚ್ಚರವಿರುವಾಗಲೇ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗಷ್ಟೇ ಜೋಮು ಬರಿಸಿದರು. ಅರಿವಳಿಕೆಯ ಅವಧಿ ಸಾಮಾನ್ಯವಾಗಿ ಒಂದು ಗಂಟೆಗೂ ಕಡಿಮೆ. ಮಕ್ಕಳಿಗೆ ಐದು ವರ್ಷವಾದಾಗ ಅಳೆದ ಐಕ್ಯೂ (ಬುದ್ಧಿಮಟ್ಟದ ಅಂಕ) ಎರಡೂ ಗುಂಪಿನಲ್ಲಿ ಸರಾಸರಿ 99ರ ಆಸುಪಾಸು. ಈ ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಬ್ಬರು ಅರಿವಳಿಕೆ ಪಡೆದ, ಇನ್ನೊಬ್ಬರು ಪಡೆಯದ ಒಡಹುಟ್ಟಿದ 105 ಜೋಡಿಗಳನ್ನು ಹೋಲಿಸಿದ 2016ರ ಅಧ್ಯಯನದಲ್ಲೂ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರು 997 ಮಕ್ಕಳನ್ನು ಪರೀಕ್ಷಿಸಿದಾಗ ಹಲವು ಸಲ ಅರಿವಳಿಕೆ ಪಡೆದವರ ಐಕ್ಯೂ ಕೂಡ ಕಡಿಮೆಯಿರಲಿಲ್ಲ. ಆದರೆ ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ, ಯೋಚಿಸುವ ವೇಗದಲ್ಲಿ ಅವರು ಸ್ವಲ್ಪ ಹಿಂದಿದ್ದರು. ಹಲವು ಆಪರೇಷನ್ ಬೇಕಾಗುವ ಮಗುವಿಗೆ ಮೊದಲೇ ಗಂಭೀರ ಕಾಯಿಲೆ ಇರುತ್ತದೆ. ಹಿಂದುಳಿದದ್ದು ಕಾಯಿಲೆಯಿಂದಲೋ ಮದ್ದಿನಿಂದಲೋ ಎಂದು ಈ ಬಗೆಯ ಅಧ್ಯಯನದಿಂದ ಬೇರ್ಪಡಿಸಿ ಹೇಳಲಾಗದು. ಹೀಗಾಗಿ ಮೂರು ವರ್ಷದ ನಂತರಕ್ಕೆ ನಿಜವಾಗಿಯೂ ಕಾಯಬಹುದಾದ ಆಪರೇಷನ್ ಇದ್ದರೆ ಆ ಮಾತು ವೈದ್ಯರೊಂದಿಗೆ ಆಡಬೇಕಾದದ್ದೇ. ಹಸುಗೂಸಿನ ತೊಡೆಸಂದಿನ ಹರ್ನಿಯಾ ಆ ಸಾಲಿಗೆ ಸೇರುವುದಿಲ್ಲ. ಕರುಳು ಅಲ್ಲಿ ಸಿಕ್ಕಿಕೊಂಡರೆ ರಕ್ತ ಹರಿಯುವುದು ನಿಂತು ಕೊಳೆಯುತ್ತದೆ.

ಇನ್ನು ನೋವಿನ ಕಡೆಗೆ ಬರೋಣ. 1980ರ ದಶಕದವರೆಗೂ ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ಗೊತ್ತಾಗದು ಎಂಬ ನಂಬಿಕೆ ವೈದ್ಯರಲ್ಲೇ ಇತ್ತು. ಮಾಂಸಖಂಡ ಸಡಿಲಿಸುವ ಮದ್ದು, ಜೊತೆಗೆ ನೈಟ್ರಸ್ ಆಕ್ಸೈಡ್, ಇಷ್ಟರಲ್ಲೇ ಎದೆ ತೆರೆಯುತ್ತಿದ್ದ ಕಾಲವದು. ಮಗು ಅಲುಗಾಡದು, ಆದರೆ ನೋವು ತಡೆಯಲು ಹೆಚ್ಚೇನೂ ಕೊಟ್ಟಿರುತ್ತಿರಲಿಲ್ಲ. 1987ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು, ಅವಧಿಗೆ ಮುನ್ನ ಹುಟ್ಟಿ ಹೃದಯದ ಬಳಿಯ ನಾಳ ಕಟ್ಟಿಸಿಕೊಳ್ಳಬೇಕಿದ್ದ ಶಿಶುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ಬಲವಾದ ನೋವಿನ ಮದ್ದನ್ನೂ ಸೇರಿಸಿ ಕೊಟ್ಟು ಹೋಲಿಸಿದರು. ಫೆಂಟನಿಲ್ ಸಿಗದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಏರಿದವು, ಆಪರೇಷನ್ ನಂತರದ ತೊಂದರೆಗಳೂ ಅವುಗಳಲ್ಲೇ ಹೆಚ್ಚು. ಮಕ್ಕಳ ಅರಿವಳಿಕೆಯ ದಾರಿ ಬದಲಾದದ್ದು ಅಲ್ಲಿಂದ. ಹತ್ತು ವರ್ಷದ ನಂತರ ಕೆನಡಾದ ಆನಾ ಟ್ಯಾಡಿಯೋ ತಂಡ ಇನ್ನೊಂದನ್ನು ತೋರಿಸಿತು. ಮರಗಟ್ಟಿಸದೆ ಮುಂದೊಗಲು ಕತ್ತರಿಸಿದ ಗಂಡು ಶಿಶುಗಳು ನಾಲ್ಕಾರು ತಿಂಗಳ ಮೇಲೆ ಲಸಿಕೆ ಚುಚ್ಚಿದಾಗ ಉಳಿದವರಿಗಿಂತ ಹೆಚ್ಚು ನೋವು ತೋರಿದವು. 2015ರಲ್ಲಿ ಎಂಆರ್‌ಐ ಸ್ಕ್ಯಾನಿನೊಳಗೆ ಶಿಶುಗಳ ಪಾದಕ್ಕೆ ಮೆಲ್ಲಗೆ ಚುಚ್ಚಿ ನೋಡಿದಾಗ, ದೊಡ್ಡವರಲ್ಲಿ ನೋವಿಗೆ ಎಚ್ಚೆತ್ತ ಮೆದುಳಿನ 20 ಭಾಗಗಳ ಪೈಕಿ 18 ಭಾಗಗಳು ಶಿಶುಗಳಲ್ಲೂ ಎಚ್ಚೆತ್ತಿದ್ದವು.

ಇಷ್ಟಾದರೂ ಹಾಸಿಗೆಯ ಬಳಿ ನಡೆದದ್ದೇನು? ಪ್ಯಾರಿಸ್ ಸುತ್ತಲಿನ ತೀವ್ರ ನಿಗಾ ಘಟಕಗಳಲ್ಲಿ 430 ನವಜಾತ ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಒಂದು ಶಿಶುವಿಗೆ ದಿನಕ್ಕೆ ಸಾಮಾನ್ಯವಾಗಿ ಹತ್ತು ನೋವಿನ ಕ್ರಿಯೆಗಳು: ಹಿಮ್ಮಡಿ ಚುಚ್ಚುವುದು, ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ಹಾಕುವುದು, ಗಂಟಲಿನ ಕಫ ಎಳೆಯುವುದು, ಅಂಟುಪಟ್ಟಿ ಕೀಳುವುದು. ಅವುಗಳಲ್ಲಿ ಶೇ 79ರಷ್ಟಕ್ಕೆ ನೋವು ತಗ್ಗಿಸಲೆಂದು ಏನನ್ನೂ ಮಾಡಿರಲಿಲ್ಲ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ಈ ದೂರವೇ ನಮ್ಮನ್ನು ಹೆಚ್ಚು ಕಾಡುವುದು.

ಈ ಸಣ್ಣ ಚುಚ್ಚುವಿಕೆಗಳಿಗೆ ದೊಡ್ಡ ಮದ್ದೇನೂ ಬೇಕಿಲ್ಲ. ಹಿಮ್ಮಡಿಯಿಂದ ರಕ್ತ ತೆಗೆಯುವ ಎರಡು ನಿಮಿಷ ಮೊದಲು ಶೇ 24ರ ಸಕ್ಕರೆ ದ್ರಾವಣವನ್ನು ನಾಲಿಗೆಯ ತುದಿಗೆ ಹನಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಕೆಲವೇ ಹನಿ, ತುಂಬಿ ಹುಟ್ಟಿದ್ದಕ್ಕೆ ಒಂದೆರಡು ಮಿ.ಲೀ. ಸಾಕು. ಅದು ಕೆಲಸ ಮಾಡುವುದು ಬಾಯಿಯ ರುಚಿಯಿಂದ. ಮೂಗಿನ ಕೊಳವೆಯಲ್ಲಿ ನೇರ ಹೊಟ್ಟೆಗೆ ಬಿಟ್ಟರೆ ಪ್ರಯೋಜನವಿಲ್ಲ, ಹನಿಸಿದ ಕೂಡಲೇ ಚುಚ್ಚಿದರೂ ಇಲ್ಲ. ಪರಿಣಾಮ ಕೆಲವೇ ನಿಮಿಷ ಇರುವುದರಿಂದ ರಕ್ತ ಸಿಗದೆ ಎರಡನೆಯ ಸಲ ಚುಚ್ಚಬೇಕಾದರೆ ಮತ್ತೆ ಕೊಡಬೇಕು. ಸಕ್ಕರೆಯ ಬದಲು ಜೇನುತುಪ್ಪ ನೆಕ್ಕಿಸುವುದು ಒಂದು ವರ್ಷದೊಳಗೆ ಸಲ್ಲದು. ಅದರಲ್ಲಿರಬಹುದಾದ ಬಾಟುಲಿಸಂ (ನರಗಳನ್ನು ಸೋಲಿಸುವ ವಿಷದ ಕಾಯಿಲೆ) ಬೀಜಾಣು ಕೂಸಿನ ಕರುಳಿನಲ್ಲಿ ಮೊಳೆಯಬಲ್ಲದು. ತಾಯಿಯ ಎದೆಗೆ ಒರಗಿಸಿ ಹಾಲು ಕುಡಿಸುತ್ತಲೇ ಚುಚ್ಚುವುದು ಸಕ್ಕರೆಯಷ್ಟೇ ಫಲ ಕೊಡುತ್ತದೆ, ಎಷ್ಟೋ ಸಲ ಅದಕ್ಕಿಂತ ಮೇಲು. ಇನ್ನೊಂದು ಮಾತು: ತುಂಬಿ ಹುಟ್ಟಿದ ಕೂಸಿನಲ್ಲಿ ಕೈ ಪಳಗಿದವರು ರಕ್ತನಾಳದಿಂದಲೇ ರಕ್ತ ತೆಗೆದರೆ ಹಿಮ್ಮಡಿ ಚುಚ್ಚಿ ಹಿಂಡುವುದಕ್ಕಿಂತ ನೋವು ಕಡಿಮೆ.

ಆದರೂ ಸಕ್ಕರೆಯ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. 2010ರಲ್ಲಿ ರೆಬೆಕಾ ಸ್ಲೇಟರ್ ಅವರ ತಂಡ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಇಟ್ಟು ನೋಡಿದಾಗ, ಸಕ್ಕರೆ ಕೊಟ್ಟ ಶಿಶು ಮುಖ ಕಿವುಚುವುದು ಕಡಿಮೆಯಾಗಿತ್ತು, ಮೆದುಳಿನಲ್ಲಿ ಎದ್ದ ನೋವಿನ ಅಲೆ ಕಡಿಮೆಯಾಗಿರಲಿಲ್ಲ. ಅಳು ನಿಂತರೆ ನೋವು ನಿಂತಿತೆಂದು ಬಗೆಯಬಾರದು ಎಂಬುದಕ್ಕೆ ಇಷ್ಟು ಸಾಕು. ಸಕ್ಕರೆಯನ್ನು ಕೈಬಿಡುವಂತಿಲ್ಲ, ಆದರೆ ಅದನ್ನೇ ನೆಚ್ಚಿ ದೊಡ್ಡ ಕ್ರಿಯೆಗಳನ್ನು ಮಾಡುವಂತೆಯೂ ಇಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕ್ಯಾನುಲಾ ಹಾಕುವ ಮುನ್ನ ಚರ್ಮ ಮರಗಟ್ಟಿಸುವ ಮುಲಾಮು ಇದೆ. ಲಿಡೊಕೇನ್ ಶೇ 2.5, ಪ್ರೈಲೊಕೇನ್ ಶೇ 2.5 ಸೇರಿದ್ದು. ಇದು ಕೆಲಸ ಮಾಡಲಿಲ್ಲ ಎಂದು ದೂರುವ ಕಡೆಯೆಲ್ಲ ಕಾರಣ ಹೆಚ್ಚಾಗಿ ಒಂದೇ: ಹಚ್ಚಿ ಕಾಲು ಗಂಟೆಗೆ ಸೂಜಿ ಚುಚ್ಚಿರುತ್ತಾರೆ. ದಪ್ಪಗೆ ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, ಪೂರ್ತಿ ಒಂದು ಗಂಟೆ ಬಿಡಬೇಕು. ಉಜ್ಜಿ ಹರಡಬಾರದು. ಒಂದೇ ಕಡೆ ನಂಬದೆ ಎರಡು ಜಾಗದಲ್ಲಿ ಹಚ್ಚಿಟ್ಟರೆ ಮೊದಲನೆಯದು ತಪ್ಪಿದರೂ ಇನ್ನೊಂದಿರುತ್ತದೆ. ತೆಗೆದ ಮೇಲೆ ಐದು ಹತ್ತು ನಿಮಿಷ ಕಾದರೆ, ಮುಲಾಮಿನಿಂದ ಕುಗ್ಗಿದ ನಾಳ ಮತ್ತೆ ಉಬ್ಬುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಒಂದು ಗ್ರಾಮ್ ಮೀರಬಾರದು, ಒಂದು ಗಂಟೆ ಮೀರಿ ಬಿಡಬಾರದು. ಪ್ರೈಲೊಕೇನ್ ಹೆಚ್ಚಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ತುಟಿ ನೀಲಿಯಾಗುತ್ತದೆ.

ಲಸಿಕೆಯ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ: ಮಗುವನ್ನು ಹಾಸಿಗೆಗೆ ಒತ್ತಿ ಹಿಡಿಯಬೇಡಿ, ಮಡಿಲಲ್ಲಿ ಇರಲಿ, ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತದೆಯೇ ಎಂದು ಹಿಂದೆ ಎಳೆದು ನೋಡಬೇಡಿ, ಒಂದೇ ದಿನ ಹಲವಿದ್ದರೆ ಹೆಚ್ಚು ಉರಿಯುವುದನ್ನು ಕೊನೆಗೆ ಕೊಡಿ. ಮುಂಚಿತವಾಗಿ ಪ್ಯಾರಾಸಿಟಮಾಲ್ ಕುಡಿಸುವುದು ಚುಚ್ಚುವ ನೋವನ್ನು ತಗ್ಗಿಸದು. ‘ನೋವೇ ಆಗಲ್ಲ ಪುಟ್ಟಾ’ ಎಂಬ ಸುಳ್ಳು ಒಂದು ಸಲ ಮಾತ್ರ ನಡೆಯುತ್ತದೆ.

ಆಪರೇಷನ್ನಿನ ದಿನ ನಿಜವಾಗಿ ಹೆದರಬೇಕಾದದ್ದು ಐಕ್ಯೂಗಲ್ಲ, ಉಸಿರಿಗೆ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಕೊಟ್ಟ 31,127 ಅರಿವಳಿಕೆಗಳನ್ನು ದಾಖಲಿಸಿದ ‘ಆಪ್ರಿಕಾಟ್’ ಅಧ್ಯಯನದಲ್ಲಿ (2017) ಗಂಭೀರ ತೊಂದರೆ ಆದದ್ದು ಶೇ 5.2ರಲ್ಲಿ. ಅದರಲ್ಲಿ ಉಸಿರಾಟದ್ದೇ ಹೆಚ್ಚು ಪಾಲು. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು, ಅರಿವಳಿಕೆ ಕೊಡುವವರ ಅನುಭವ ಹೆಚ್ಚಾದಷ್ಟೂ ಅಪಾಯ ಕಡಿಮೆ. ಎರಡು ವಾರದೊಳಗೆ ನೆಗಡಿ ಕೆಮ್ಮು ಆಗಿದ್ದರೆ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಮಗುವಿಗೆ ಉಬ್ಬಸವಿದ್ದರೆ ಹೇಳಲೇಬೇಕು. ತಾರೀಖು ತಪ್ಪೀತೆಂದು ನೆಗಡಿ ಮುಚ್ಚಿಟ್ಟರೆ, ಅರಿವಳಿಕೆಯ ನಡುವೆ ಗಂಟಲಿನ ಧ್ವನಿತಂತುಗಳು ಬಿಗಿದುಕೊಂಡು ಗಾಳಿಯೇ ಹೋಗದಂತಾಗಬಹುದು.

ಉಪವಾಸವನ್ನೂ ಅಳತೆ ಮೀರಿ ಮಾಡಿಸುತ್ತಾರೆ. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಬಾರದು, ಉಪವಾಸದ ಉದ್ದೇಶ ಅಷ್ಟೇ. ಊಟ ತಿಂಡಿಗೆ ಆರು ಗಂಟೆ. ಎದೆಹಾಲಿಗೆ ನಾಲ್ಕು ಗಂಟೆ ಎಂಬುದು ಹಳೆಯ ನಿಯಮ, ಯುರೋಪಿನ 2022ರ ಮಾರ್ಗಸೂಚಿಯಲ್ಲಿ ಮೂರು. ನೀರು, ಸಕ್ಕರೆ ನೀರು, ತಿರುಳಿಲ್ಲದ ಹಣ್ಣಿನ ರಸದಂಥ ತಿಳಿಯಾದ ಪಾನೀಯಕ್ಕೆ ಈಗ ಒಂದು ಗಂಟೆ ಸಾಕೆಂದು ಹಲವು ದೇಶಗಳ ಮಕ್ಕಳ ಅರಿವಳಿಕೆ ಸಂಘಗಳು ಒಪ್ಪಿವೆ, ಕೆ.ಜಿ.ಗೆ 3 ಮಿ.ಲೀ.ವರೆಗೆ ಕೊಡಬಹುದು. ಹಾಲು ತಿಳಿ ಪಾನೀಯವಲ್ಲ. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದು ಹೇಳಿ, ಬೆಳಗಿನ ಆಪರೇಷನ್ ಮಧ್ಯಾಹ್ನಕ್ಕೆ ಹೋದರೆ ಮಗುವಿನ ಬಾಯಿ ಒಣಗುತ್ತದೆ, ನಾಳ ಸಿಗುವುದಿಲ್ಲ, ಅರಿವಳಿಕೆ ಶುರುವಾದೊಡನೆ ರಕ್ತದೊತ್ತಡ ಕುಸಿಯುತ್ತದೆ. ಸರದಿ ತಡವಾದಾಗ ‘ಈಗ ನೀರು ಕೊಡಬಹುದೇ?’ ಎಂದು ಹೆತ್ತವರು ಕೇಳುವುದು ಪೂರ್ತಿ ಸರಿ.

ಸೊಂಟದ ಕೆಳಗಿನ ಆಪರೇಷನ್‌ಗಳಲ್ಲಿ, ಮಗು ಅರಿವಳಿಕೆಯಲ್ಲಿರುವಾಗಲೇ ಬೆನ್ನಿನ ತುದಿಯಿಂದ ಕಾಡಲ್ ಬ್ಲಾಕ್ (ಸೊಂಟದ ಕೆಳಗಿನ ನೋವು ತಡೆಯುವ ಚುಚ್ಚುಮದ್ದು) ಕೊಡುತ್ತೇವೆ. ಅದಕ್ಕೆ ಬಳಸುವ ಮರಗಟ್ಟಿಸುವ ಮದ್ದು ಬುಪಿವಕೇನ್‌ನ ಮಿತಿ ಕೆ.ಜಿ.ಗೆ 2.5 ಮಿ.ಗ್ರಾಂ. ಎಂಟು ಕೆ.ಜಿ. ಮಗುವಿಗೆ ಶೇ 0.25ರ ಮದ್ದು 8 ಮಿ.ಲೀ. ಎಂದರೆ ಆ ಮಿತಿ ಮುಗಿಯಿತು. ಶಸ್ತ್ರಚಿಕಿತ್ಸಕರು ಆ ಮೇಲೆ ಗಾಯದ ಅಂಚಿಗೂ ಅದೇ ಮದ್ದು ಚುಚ್ಚಿದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಈ ಕೂಡಿಕೆ ತಪ್ಪಿದರೆ ಹೃದಯದ ಲಯವೇ ಕೆಡುತ್ತದೆ. ಅದಕ್ಕೆಂದೇ ಶೇ 20ರ ಲಿಪಿಡ್ (ಕೊಬ್ಬಿನ) ದ್ರಾವಣ ಆಪರೇಷನ್ ಕೋಣೆಯಲ್ಲಿ ಕೈಗೆಟುಕುವಂತೆ ಇರಬೇಕು, ಮೊದಲ ಪ್ರಮಾಣ ಕೆ.ಜಿ.ಗೆ 1.5 ಮಿ.ಲೀ. ಬ್ಲಾಕ್ ನಾಲ್ಕರಿಂದ ಆರು ಗಂಟೆ ನಿಲ್ಲುತ್ತದೆ. ಮಧ್ಯಾಹ್ನ ಆಪರೇಷನ್ ಆದ ಮಗು ಸಂಜೆಯೆಲ್ಲ ಆಡಿಕೊಂಡಿದ್ದು, ರಾತ್ರಿ ಒಮ್ಮೆಲೇ ಕಿರುಚಿ ಏಳುವುದು ಬ್ಲಾಕ್ ಇಳಿದಾಗ. ಬಾಯಿಗೆ ಕೊಡುವ ನೋವಿನ ಮದ್ದು ಅದು ಇಳಿಯುವ ಮೊದಲೇ ಹೊಟ್ಟೆ ಸೇರಿರಬೇಕು.

ಮಾತು ಬಾರದ ಮಗುವಿನ ನೋವನ್ನು ಅಳೆಯುವುದು ಹೇಗೆ? 1997ರಲ್ಲಿ ಬಂದ ‘ಫ್ಲ್ಯಾಕ್’ ಅಳತೆ ಎರಡು ತಿಂಗಳಿಂದ ಏಳು ವರ್ಷದವರೆಗೂ ನಡೆಯುತ್ತದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಬಗ್ಗುವುದು, ಈ ಐದಕ್ಕೂ ಸೊನ್ನೆಯಿಂದ ಎರಡು ಅಂಕ. ಹುಬ್ಬು ಆಗಾಗ ಗಂಟಿಕ್ಕಿದರೆ 1, ಗಲ್ಲ ನಡುಗುತ್ತಾ ಇದ್ದರೆ 2. ಕಾಲು ಸಡಿಲವಿದ್ದರೆ 0, ಹೊಟ್ಟೆಗೆ ಎಳೆದುಕೊಂಡು ಬಿಡದಿದ್ದರೆ 2. ಎತ್ತಿಕೊಂಡು ತಟ್ಟಿದಾಗ ಸುಮ್ಮನಾದರೆ 1, ಏನು ಮಾಡಿದರೂ ಆಗದಿದ್ದರೆ 2. ಒಟ್ಟು ನಾಲ್ಕು ಮುಟ್ಟಿತೆಂದರೆ ಮದ್ದಿನ ಯೋಚನೆ ಮಾಡಬೇಕು, ನಾಳಕ್ಕೆ ಕೊಟ್ಟ ಅರ್ಧ ಗಂಟೆಗೆ, ಬಾಯಿಗೆ ಕೊಟ್ಟ ಒಂದು ಗಂಟೆಗೆ ಮತ್ತೆ ಅಳೆಯಬೇಕು. ಈ ಎರಡನೆಯ ಅಳತೆಯನ್ನು ಬಿಟ್ಟರೆ ಮೊದಲನೆಯದು ಕಾಗದದ ಕೆಲಸವಷ್ಟೇ. ಒಂದು ಎಚ್ಚರ: ಸೆವೋಫ್ಲುರೇನ್‌ನಿಂದ ಏಳುವ ಎರಡರಿಂದ ಆರು ವರ್ಷದ ಕೆಲವು ಮಕ್ಕಳು ತಾಯಿಯನ್ನೂ ಗುರುತಿಸದೆ, ಕಣ್ಣಲ್ಲಿ ಕಣ್ಣಿಡದೆ ಕೈಕಾಲು ಬಡಿಯುತ್ತಾರೆ. ಅದು ನೋವಿಲ್ಲದೆಯೂ ಬರುವ ಗೊಂದಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ತೀರಾ ಸುಮ್ಮನೆ, ಅಲುಗಾಡದೆ ಮಲಗಿದ ಮಗುವಿನ ಬಗ್ಗೆ ನಮಗೆ ಹೆಚ್ಚು ಕಾಳಜಿ. ಅಲುಗಿದರೆ ನೋಯುತ್ತದೆಂದು ಬಿಗಿಹಿಡಿದು ಮಲಗಿದ್ದರೂ ಇರಬಹುದು.

ಮನೆಗೆ ಹೋದ ಮೇಲೆ ಅನಾಹುತವಾಗುವುದು ಅಳತೆಯಲ್ಲಿ. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಹತ್ತು ಕೆ.ಜಿ. ಮಗುವಿಗೆ 150 ಮಿ.ಗ್ರಾಂ ಆಯಿತು. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ ಇದು 6 ಮಿ.ಲೀ. ಚಿಲ್ಲರೆ, 250 ಮಿ.ಗ್ರಾಂ ಇರುವುದಾದರೆ 3 ಮಿ.ಲೀ., ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ‘ಹೋದ ಸಲ ಆರು ಮಿ.ಲೀ. ಹೇಳಿದ್ದರು’ ಎಂದು ಡ್ರಾಪ್ಸ್ ಬಾಟಲಿಯಿಂದ ಆರು ಮಿ.ಲೀ. ಕುಡಿಸಿದರೆ 600 ಮಿ.ಗ್ರಾಂ, ಅಂದರೆ ನಾಲ್ಕು ಪಟ್ಟು ಹೋಯಿತು. ಎರಡು ದಿನ ಹೀಗೇ ನಡೆದರೆ ಯಕೃತ್ತು ಕೆಡುತ್ತದೆ. ನೆಗಡಿಯ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಸೇರಿರಬಹುದು, ಲೇಬಲ್ ಓದಿ. ಅಡುಗೆಮನೆಯ ಚಮಚ ಬೇಡ, ಗೆರೆಯಿರುವ ಸಿರಿಂಜ್ ಬಳಸಿ. ಐಬುಪ್ರೊಫೆನ್ ಕೆ.ಜಿ.ಗೆ 10 ಮಿ.ಗ್ರಾಂವರೆಗೆ, ಆರರಿಂದ ಎಂಟು ಗಂಟೆಗೊಮ್ಮೆ, ಅದೂ ವೈದ್ಯರು ಬರೆದುಕೊಟ್ಟರೆ. ವಾಂತಿ ಭೇದಿಯಿಂದ ಮಗು ಒಣಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು, ಡೆಂಗಿ ಅನುಮಾನವಿದ್ದರೆ ರಕ್ತಸ್ರಾವದ ಭಯ, ಆಗ ಅದು ಬೇಡವೇ ಬೇಡ. ಆಸ್ಪಿರಿನ್ ಮನೆಮದ್ದಾಗಿ ಮಕ್ಕಳಿಗೆ ಎಂದಿಗೂ ಸಲ್ಲದು.

ಕೊಡೀನ್ ಎಂಬ ನೋವಿನ ಮದ್ದು ಇರುವ ಸಿರಪ್ಪಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕೊಡೀನ್ ನೋವು ತಗ್ಗಿಸುವುದು ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಫಿನ್ ಆಗಿ ಬದಲಿಸಿದ ಮೇಲೆ. ಕೆಲವು ಮಕ್ಕಳಲ್ಲಿ ಆ ಕಿಣ್ವ ಕೆಲಸವೇ ಮಾಡದು, ಅವರಿಗೆ ನೋವು ಹಾಗೇ ಉಳಿಯುತ್ತದೆ. ಕೆಲವರಲ್ಲಿ ಅತಿವೇಗ, ಮಾಮೂಲು ಪ್ರಮಾಣದಲ್ಲೇ ಉಸಿರು ನಿಲ್ಲುತ್ತದೆ. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳು ಹೀಗೆ ಸತ್ತದ್ದರಿಂದಲೇ 2013ರಲ್ಲಿ ಎಫ್‌ಡಿಎ ಆ ಆಪರೇಷನ್ ನಂತರ ಕೊಡೀನ್ ಕೂಡದೆಂದಿತು, 2017ರಲ್ಲಿ 12 ವರ್ಷದೊಳಗಿನವರಿಗೆ ಕೊಡೀನ್, ಇನ್ನೊಂದು ನೋವಿನ ಮದ್ದಾದ ಟ್ರಮಡಾಲ್ ಎರಡನ್ನೂ ಕೂಡದೆಂದಿತು. ಮಾರ್ಫಿನ್ ಇದಕ್ಕಿಂತ ನಂಬಿಕೆಯ ಮದ್ದು, ತೂಕ ನೋಡಿ, ಆಮ್ಲಜನಕದ ಮಟ್ಟ ಅಳೆಯುತ್ತಾ ಆಸ್ಪತ್ರೆಯಲ್ಲಿ ಕೊಟ್ಟರೆ.

ಹಾಗೆಂದು ಹೆಚ್ಚು ಮದ್ದೇ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣು ಪರೀಕ್ಷೆ ಬಹಳ ನೋವಿನದು. ಅದಕ್ಕೆ ಮೊದಲು ಬಾಯಿಗೆ ಮಾರ್ಫಿನ್ ಕೊಟ್ಟರೆ ಹೇಗೆಂದು ಆಕ್ಸ್‌ಫರ್ಡ್‌ನಲ್ಲಿ ಪ್ರಯೋಗ ಮಾಡಿದರು. 156 ಶಿಶುಗಳಿಗೆಂದು ಯೋಜಿಸಿದ್ದನ್ನು 31ಕ್ಕೇ ನಿಲ್ಲಿಸಬೇಕಾಯಿತು. ಮಾರ್ಫಿನ್ ಪಡೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚಿತು, ನೋವು ಕಡಿಮೆಯಾದದ್ದೂ ಕಾಣಲಿಲ್ಲ. 2018ರಲ್ಲಿ ಇದು ಪ್ರಕಟವಾಗಿರದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಕಡೆ ಕೊಡುತ್ತಿದ್ದರು. ಮಕ್ಕಳಿಗೆ ಬಳಸುವ ಎಷ್ಟೋ ಮದ್ದುಗಳ ಪ್ರಮಾಣ ಇಂದಿಗೂ ದೊಡ್ಡವರ ಲೆಕ್ಕವನ್ನು ತೂಕಕ್ಕೆ ಇಳಿಸಿದ್ದು. ನವಜಾತ ಶಿಶುವಿನಲ್ಲಿ ಮಾರ್ಫಿನ್ ಕರಗಲು ದೊಡ್ಡ ಮಗುವಿಗಿಂತ ಮೂರು ಪಟ್ಟು ಹೊತ್ತು ಬೇಕು. ಇದು ತೂಕದ ಲೆಕ್ಕದಲ್ಲಿ ಸಿಗುವುದಿಲ್ಲ, ಮಕ್ಕಳಲ್ಲೇ ಅಳೆಯಬೇಕು.

ಆದ್ದರಿಂದ ಆಸ್ಪತ್ರೆಗಳಲ್ಲಿ ನಮ್ಮ ಕೋರಿಕೆ: ನಾಡಿ, ಜ್ವರ ಬರೆಯುವ ಹಾಳೆಯಲ್ಲೇ ನೋವಿನ ಅಂಕಕ್ಕೂ ಒಂದು ಸಾಲು ಇಡಿ. ಮನೆಗೆ ಕಳಿಸುವ ಚೀಟಿಯಲ್ಲಿ ಅಂದು ತೂಗಿದ ತೂಕ, ಮಿ.ಗ್ರಾಂ, ಮಿ.ಲೀ., ಬಾಟಲಿಯ ಸಾಂದ್ರತೆ, ಮುಂದಿನ ಡೋಸಿನ ಗಂಟೆ ಇಷ್ಟೂ ಇರಲಿ. ‘ನೋವಾದರೆ ಕೊಡಿ’ ಎಂದು ಬರೆಯುವ ಬದಲು ಮೊದಲ ಎರಡು ಮೂರು ದಿನ ಗಡಿಯಾರ ನೋಡಿ ಕೊಡಲು ಹೇಳಿ. ಟಾನ್ಸಿಲ್ ಆದರೆ ಒಂದು ವಾರ ಬೇಕಾದೀತು.

ಹೆತ್ತವರಿಗೂ ಒಂದು ಮಾತಿದೆ. ನಿಮ್ಮ ಮಗುವನ್ನು ನೋವಿನ ಸಂಶೋಧನೆಗೆ ಸೇರಿಸಲು ಕೇಳಿದರೆ ಗಾಬರಿಯಾಗಬೇಡಿ, ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಸರಿಯಾಗಿ ರೂಪಿಸಿದ ಅಧ್ಯಯನದಲ್ಲಿ ಯಾವ ಮಗುವನ್ನೂ ನೋವಿನಲ್ಲಿ ಬಿಡುವುದಿಲ್ಲ. ಎಲ್ಲರಿಗೂ ಮಾಮೂಲು ಮದ್ದು ಇದ್ದೇ ಇರುತ್ತದೆ, ಹೊಸ ಮದ್ದು ಸೇರಿಸಿದಾಗ ಮಾರ್ಫಿನ್ ಎಷ್ಟು ಕಡಿಮೆ ಬೇಕಾಯಿತು ಎಂಬುದನ್ನು ಅಳೆಯುತ್ತಾರೆ. ಮಗು ಯಾವ ಗುಂಪಿಗೆ ಬಿದ್ದರೂ ನೋವು ಹೆಚ್ಚಾದಾಗ ಯಾವ ಮದ್ದು, ಎಷ್ಟು ನಿಮಿಷದೊಳಗೆ, ಯಾರು ಕೊಡುತ್ತಾರೆ ಎಂಬುದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು. ಅದು ಕಾಣದಿದ್ದರೆ ಸಹಿ ಹಾಕುವ ಮುನ್ನ ಬರೆಸಿಕೊಳ್ಳಿ.

ಇಂತಿ,
ಮಕ್ಕಳ ಅರಿವಳಿಕೆ ಮತ್ತು ನೋವು ಚಿಕಿತ್ಸೆಯ ವೈದ್ಯರ ಬಳಗ